ಏನಂತೆ?

ಎತ್ತರಕ್ಕೆ ಏಣಿ ಎಂದೇ ಹೆಸರಾದವನು ಮನೆಗೆ ಬಂದ ದಿನ ಮೂರು ಬಾಗಿಲಿಗೂ ಹಣೆ ಹೊಡೆಸಿಕೊಂಡ. ಅವನು ಹುಟ್ಟಿ ಬೆಳೆದ ಮನೆ ಅದು. ಇಪ್ಪತ್ತೆರಡು ವರ್ಷ ಅವೇ ಬಾಗಿಲುಗಳಲ್ಲಿ ಬಗ್ಗಿ ಓಡಾಡಿದವನು ಹದಿನಾಲ್ಕು ವರ್ಷ ಹೊರದೇಶದಲ್ಲಿದ್ದು ಬಗ್ಗುವುದನ್ನೇ ಮರೆತು ಬಂದಿದ್ದ.

"ಇನ್ನೂ ಇದನ್ನ ಎತ್ತರ ಮಾಡ್ಸಿಲ್ವಾ ಅಕ್ಕ?" ಎಂದ ಹಣೆ ಉಜ್ಜಿಕೊಳ್ಳುತ್ತ.

"ನೀನೇ ಸ್ವಲ್ಪ ಬಗ್ಗಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದಳು ಅಕ್ಕ.

ಅಕ್ಕ ಆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಸೋಫಾ ಕವರು, ಕುರ್ಚಿ ದಿಂಬು ಹೊಲಿಯುವವಳು. ದಿನವಿಡೀ ದಪ್ಪ ಬಟ್ಟೆಗೆ ಸೂಜಿ ತೂರಿಸಿ ತೂರಿಸಿ ಅವಳ ನಾಲಿಗೆಗೂ ಅದೇ ಅಭ್ಯಾಸವಾಗಿತ್ತು. ಗಂಡ ಬಸ್ ಡ್ರೈವರ್. ದೊಡ್ಡ ಬಸ್ಸನ್ನು ಸಣ್ಣ ಗಲ್ಲಿಯಲ್ಲಿ ತಿರುಗಿಸುವಷ್ಟು ಗಟ್ಟಿಗ, ಮನೆಯಲ್ಲಿ ಮಾತ್ರ ಯಾರು ತಿರುಗಿಸಿದತ್ತ ತಿರುಗುವವನು. ಒಬ್ಬಳೇ ಮಗಳು, ಹದಿನಾರು ವರ್ಷದ ಕಡ್ಡಿ. ಸೋದರಮಾವನ ಎತ್ತರ ಅವಳಿಗೆ ಬಂದಿತ್ತು, ಆಟವೂ ಬಂದಿತ್ತು. ಇನ್ನು ಅಮ್ಮ, ಅಂದರೆ ಕಡ್ಡಿಯ ಅಜ್ಜಿ. ಅವಳಿಗೆ ಕಿವಿ ಮಂದ. ಯಾರು ಏನೇ ಹೇಳಲಿ, ಅಕ್ಕನ ಕಡೆ ತಿರುಗಿ "ಏನಂತೆ?" ಎನ್ನುವಳು. ಅಕ್ಕ ಹೇಳಿದ ಮೇಲೆ ತಲೆಯಾಡಿಸುವಳು.

ಮಗ ಬಂದನೆಂದು ಅಮ್ಮ ತನ್ನ ಮಂಚವನ್ನೇ ಬಿಟ್ಟುಕೊಟ್ಟಳು. ಅವನ ಕಾಲು ಹೊರಗೆ ಚಾಚುತ್ತವೆಂದು ಮಂಚದ ತುದಿಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅಕ್ಕ ಹೊಲಿದ ಹೊಸ ದಿಂಬು. ಬೆಳಿಗ್ಗೆ ಎದ್ದ ಏಣಿ ಸೊಂಟ ಹಿಡಿದುಕೊಂಡು ಬಂದು ಹೇಳಿದ: "ಇಂಥ ಹಾಸಿಗೆ ಮೇಲೆ ನಮ್ಮ ಕ್ಲಬ್ಬಿನ ನಾಯಿನೂ ಮಲಗಲ್ಲ."

"ಏನಂತೆ?" ಎಂದಳು ಅಮ್ಮ.

"ನಿನ್ನ ಮಂಚದ ಮೇಲೆ ಚೆನ್ನಾಗಿ ನಿದ್ದೆ ಬಂತಂತೆ," ಎಂದಳು ಅಕ್ಕ.

ಅಮ್ಮನಿಗೆ ಖುಷಿಯಾಯಿತು. ಅಕ್ಕ ಇದನ್ನು ಸುಳ್ಳೆಂದು ಲೆಕ್ಕಕ್ಕೆ ಹಿಡಿದವಳೇ ಅಲ್ಲ. ಅನ್ನಕ್ಕೆ ಉಪ್ಪು ಹಾಕುವ ಹಾಗೆ ಅದೂ ಒಂದು ಮನೆಗೆಲಸ.

ಏಣಿಯ ಕಥೆ ಬೀದಿಗೆಲ್ಲ ಗೊತ್ತು. ಹದಿನೆಂಟಕ್ಕೆ ಸರ್ಕಾರಿ ಇಲಾಖೆಯೊಂದರ ಬಾಸ್ಕೆಟ್‌ಬಾಲ್ ತಂಡ ಸೇರಿದ, ಇಪ್ಪತ್ತೆರಡಕ್ಕೆ ಹೊರದೇಶದ ಕ್ಲಬ್ಬು ಅವನನ್ನು ಸಂಬಳ ಕೊಟ್ಟು ಕರೆಸಿಕೊಂಡಿತು. ಆರು ವರ್ಷ ಆಡಿದ. ಬಲ ಮಂಡಿ ಕೈಕೊಟ್ಟಿತು. ಆಮೇಲೆ ಅದೇ ಊರಿನ ಹೆಂಗಸರ ತಂಡಕ್ಕೆ ಕೋಚ್ ಆದ. ಏಳು ವರ್ಷದಲ್ಲಿ ಎರಡು ಕಪ್ಪು. ಆಟಗಾರ್ತಿಯರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿರುವ ಫೋಟೋ ಪೇಪರಿನಲ್ಲಿ ಬಂದಿತ್ತು. ಅಕ್ಕನ ಗಂಡ ಅದನ್ನು ಕತ್ತರಿಸಿ ಬಸ್ಸಿನಲ್ಲಿ ತನ್ನ ಸೀಟಿನ ಪಕ್ಕ ಅಂಟಿಸಿಕೊಂಡಿದ್ದ. ಹೋದ ವರ್ಷ ಇನ್ನೂ ದೊಡ್ಡ ಕ್ಲಬ್ಬು ಕರೆಯಿತಂತೆ, ಹೋದನಂತೆ. ಈಗ ಎರಡು ಕಾಂಟ್ರಾಕ್ಟಿನ ನಡುವೆ ಬಿಡುವಂತೆ. ಬಿಡುವು ಎಷ್ಟು ದಿನವೆಂದು ಕೇಳಿದರೆ ಏಣಿ ಸೂರು ನೋಡುತ್ತಿದ್ದ.

ಬಿಡುವಿನವನ ಕೊರಳಿನಿಂದ ವಿಶಲ್ ಮಾತ್ರ ಇಳಿಯಲಿಲ್ಲ. ಊಟಕ್ಕೆ ಕೂತಾಗ ಇಬ್ಬರು ಒಟ್ಟಿಗೆ ಮಾತಾಡಿದರೆ ಒಂದು ಅಂಗೈ ಮೇಲೆ ಇನ್ನೊಂದು ಕೈಯ ಬೆರಳು ನಿಲ್ಲಿಸಿ "ಟೈಮ್ ಔಟ್" ಎನ್ನುತ್ತಿದ್ದ. ಭಾವ ತಟ್ಟನೆ ಬಾಯಿ ಮುಚ್ಚುತ್ತಿದ್ದ. ಪಾತ್ರೆ ತೊಳೆಯುವ ಅಕ್ಕನ ಹಿಂದೆ ನಿಂತು, ಒಲೆಯಿಂದ ನಲ್ಲಿಗೆ ಅವಳು ಎಷ್ಟು ಹೆಜ್ಜೆ ದಂಡ ಮಾಡುತ್ತಾಳೆಂದು ಎಣಿಸಿ ಹೇಳಿದ.

"ನೀನು ಎಣಿಸೋ ಹೊತ್ತಿಗೆ ನಾಲ್ಕು ತಟ್ಟೆ ತೊಳೀಬಹುದಿತ್ತು," ಎಂದಳು ಅಕ್ಕ.

"ನಾನು ಬಟ್ಟಲು ತೊಳೆಯೋಕೆ ಹುಟ್ಟಿದವನಾ ಅಕ್ಕ?"

"ಅಲ್ಲಪ್ಪ, ಎಂಜಲು ಮಾಡೋಕೆ."

ಎರಡನೇ ವಾರಕ್ಕೆ ಕಡ್ಡಿ ಆಡುತ್ತಿದ್ದ ಬಡಾವಣೆ ಕ್ಲಬ್ಬಿನವರು ಮನೆ ಬಾಗಿಲಿಗೆ ಬಂದರು. ಇನ್ನು ಐದು ವಾರಕ್ಕೆ ಆಯ್ಕೆ ಪಂದ್ಯ. ದೊಡ್ಡ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಬಂದು ನೋಡುತ್ತಾರೆ. ಕೋಚ್ ಸಾಹೇಬರು ಅಲ್ಲಿಯವರೆಗೆ ತಂಡ ನೋಡಿಕೊಂಡರೆ ಕ್ಲಬ್ಬಿನ ಭಾಗ್ಯ, ಎಂದು ಹಲ್ಲು ಕಿರಿದರು. ಏಣಿ ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ ಒಪ್ಪಿಕೊಂಡ. ಒಂಬತ್ತು ವರ್ಷದಿಂದ ಆ ಹುಡುಗಿಯರಿಗೆ ಕಲಿಸುತ್ತಿದ್ದ ಶಾಲೆಯ ಡ್ರಿಲ್ ಮಾಸ್ತರರ ಕೈಗೆ ನೀರಿನ ಬಾಟಲಿಗಳ ಬುಟ್ಟಿ ಬಂತು. ಅವರು ಬುಟ್ಟಿಯನ್ನೂ ಮರ್ಯಾದೆಯಿಂದಲೇ ಹಿಡಿದುಕೊಂಡರು. ಅಕ್ಕನಿಗೆ ಅದನ್ನು ನೋಡಿ ಮೈ ಉರಿಯಿತು.

ಏಣಿ ಕಲಿಸುವುದೆಂದರೆ ಬೈಯುವುದು. "ಹೆಣ ಹೊತ್ಕೊಂಡು ಹೋಗೋರ ಥರ ಓಡ್ತೀಯಲ್ಲೇ", "ನಿಮ್ಮಪ್ಪ ನಿನಗೆ ಊಟ ಹಾಕೋದು ದಂಡ", ಇಂಥವು. ಒಬ್ಬಳು ಅಳುತ್ತ ಮನೆಗೆ ಹೋದಳು. ಇನ್ನೊಬ್ಬಳಿಗೆ ಅಳುವ ಧೈರ್ಯವೂ ಬರಲಿಲ್ಲ. ಕಡ್ಡಿ ಮಾತ್ರ ಹಲ್ಲು ಕಚ್ಚಿಕೊಂಡು ಜಿಗಿದಳು. ಮಾಮ ಎಲ್ಲಿ ಹೋಗಿ ಬಂದಿದ್ದಾನೋ ಅಲ್ಲಿಗೆ ತಾನೂ ಹೋಗಬೇಕು ಎಂಬ ಒಂದೇ ಆಸೆ ಅವಳಿಗೆ. ಹತ್ತನೇ ದಿನ ಅವಳ ಎಡ ಮಂಡಿ ಊದಿಕೊಂಡಿತು.

ಆಸ್ಪತ್ರೆಯ ಫಿಸಿಯೋ ಹೆಂಗಸು ಮಂಡಿಯನ್ನು ಒತ್ತಿ, ಬಾಗಿಸಿ, ಪಟ ತೆಗೆಸಿ ನೋಡಿದಳು. "ಒಳಗಿನ ನಾರು ಸ್ವಲ್ಪ ಹರಿದಿದೆ. ಮೂರು ವಾರ ಜಿಗಿಯೋ ಹಾಗೇ ಇಲ್ಲ. ಆಮೇಲೆ ಪಟ್ಟಿ ಕಟ್ಕೊಂಡು ಹತ್ತು ನಿಮಿಷ ಆಡಬಹುದು. ನೋವು ಬಂದ ಕ್ಷಣ ಆಟ ನಿಲ್ಲಿಸಿ ಕೂರ್ಬೇಕು."

"ಕೂರದಿದ್ರೆ?" ಎಂದಳು ಕಡ್ಡಿ.

"ಪೂರ್ತಿ ಹರಿಯುತ್ತೆ. ಆಮೇಲೆ ಜೀವನ ಪೂರ್ತಿ ಕೂರಬಹುದು."

ಆ ಸಂಜೆ ಊಟಕ್ಕೆ ಕೂತಾಗ ಅಕ್ಕ ಇದನ್ನು ಹೇಳಿದಳು. ಏಣಿ ಮೂರನೇ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದ.

"ಫಿಸಿಯೋಗಳಿಗೆ ಹೆದರಿಸೋದೇ ಕೆಲಸ. ನಾನು ಮಂಡಿಗೆ ಎರಡು ಇಂಜೆಕ್ಷನ್ ಹಾಕಿಸ್ಕೊಂಡು ಫೈನಲ್ ಆಡಿದೀನಿ. ನೋವು ಅನ್ನೋದು ಇಲ್ಲಿರುತ್ತೆ," ಎಂದು ತಲೆ ತಟ್ಟಿಕೊಂಡ.

"ಹೌದಾ? ಹಾಗಾದ್ರೆ ಮೆಟ್ಟಿಲು ಇಳಿಯೋವಾಗ ಗೋಡೆ ಹಿಡ್ಕೊಂಡು ಅಡ್ಡಡ್ಡ ಇಳೀತೀಯಲ್ಲ, ಅದು ತಲೆನೋವಿಗಾ?"

"ಆ ಫೈನಲ್ ಆಡ್ಲಿಲ್ಲ ಅಂದಿದ್ರೆ ನನ್ನನ್ನ ಯಾರು ಕೋಚ್ ಮಾಡ್ತಿದ್ರು?"

"ಆ ಫೈನಲ್ ಆಡಿದ್ದಕ್ಕೇ ಇಪ್ಪತ್ತೆಂಟಕ್ಕೆ ಆಟ ಮುಗೀತು. ಅದನ್ನ ಹೇಳು ನನ್ನ ಮಗಳಿಗೆ."

ಏಣಿ ಕೈಯಿಂದ ಟೈಮ್ ಔಟ್ ತೋರಿಸಿದ. ಅಕ್ಕ ಅವನ ತಟ್ಟೆಯ ಪಕ್ಕದಿಂದ ಮೊಟ್ಟೆಯ ಬಟ್ಟಲನ್ನು ಎತ್ತಿ ಗಂಡನ ಕಡೆ ಇಟ್ಟಳು. ಗಂಡ, "ಅವರಿಗೆ ಗೊತ್ತಿಲ್ದೇ ಇರುತ್ತಾ? ಎರಡು ಕಪ್ಪು ಗೆಲ್ಲಿಸಿದ್ದಾರೆ," ಎಂದು ಬಟ್ಟಲನ್ನು ಮತ್ತೆ ಬಾಮೈದನ ಕಡೆ ಸರಿಸಿದ. ಅಕ್ಕನಿಗೆ ಆ ಹೊತ್ತು ತಮ್ಮನಿಗಿಂತ ಗಂಡನ ಮೇಲೆ ಹೆಚ್ಚು ಸಿಟ್ಟು ಬಂತು.

"ಅಮ್ಮ, ನೀನು ಸುಮ್ನಿರು. ಮಾಮನಿಗೆ ಗೊತ್ತು," ಎಂದಳು ಕಡ್ಡಿ. ಅದು ಅಕ್ಕನಿಗೆ ನಾಟಿತು. ಎದ್ದು ಹೋಗಿ ಖಾಲಿ ಪಾತ್ರೆಯನ್ನು ತೊಳೆದದ್ದೇ ತೊಳೆದಳು.

ಮೂರು ವಾರ ವಿಶ್ರಾಂತಿಗೆ ಏಣಿ ಬಾಯಲ್ಲಿ ಒಪ್ಪಿದ. ಅಕ್ಕ ದಿಂಬು ತಲುಪಿಸಲು ಹೊರಗೆ ಹೋದರೆ ಸಾಕು, ಹಿತ್ತಿಲಲ್ಲಿ ಚೆಂಡಿನ ಸದ್ದು ಕೇಳುತ್ತಿತ್ತಂತೆ. ಪಕ್ಕದ ಮನೆಯವಳು ಬಂದು ಹೇಳಿದಳು. ಅಕ್ಕ ಜಗಳಕ್ಕೆ ಹೋಗಲಿಲ್ಲ. ಕಡ್ಡಿಯ ಬೂಟನ್ನು ಕದ್ದು ಒಂದು ದಪ್ಪ ದಿಂಬಿನ ಹೊಟ್ಟೆಯೊಳಗಿಟ್ಟು ಹೊಲಿದುಬಿಟ್ಟಳು.

ಎರಡು ದಿನ ಕಡ್ಡಿ ಅದೇ ದಿಂಬಿನ ಮೇಲೆ ಕೂತು ಬೂಟು ಎಲ್ಲಿ ಎಂದು ಮನೆ ತಲೆಕೆಳಗು ಮಾಡಿದಳು. ಮೂರನೇ ದಿನ ಗಂಡ, ಹೆಂಡತಿಗೆ ನೆರವಾಗೋಣವೆಂಬ ಒಳ್ಳೆ ಬುದ್ಧಿ ಅಪರೂಪಕ್ಕೆ ಬಂದು, ಹೊಲಿದಿಟ್ಟ ದಿಂಬುಗಳನ್ನೆಲ್ಲ ಆರ್ಡರ್ ಕೊಟ್ಟಿದ್ದ ಡೆಂಟಿಸ್ಟರ ಮನೆಗೆ ತಲುಪಿಸಿ ಬಂದ. ಸಂಜೆ ಡೆಂಟಿಸ್ಟರ ಹೆಂಡತಿಯ ಫೋನು. "ನಿಮ್ಮ ದಿಂಬಿಗೆ ಒರಗಿದ್ರೆ ಬೆನ್ನಿಗೆ ಏನೋ ಒತ್ತುತ್ತೆ. ಬಿಚ್ಚಿ ನೋಡಿದ್ರೆ ಬೂಟು. ಇದು ಹೊಸ ಫ್ಯಾಷನ್ನಾ?"

ಮನೆಯಲ್ಲಿ ದೊಡ್ಡ ರಂಪವಾಯಿತು. ಕಡ್ಡಿ ಊಟ ಬಿಟ್ಟಳು. ಏಣಿ ಹೊಟ್ಟೆ ಹಿಡಿದುಕೊಂಡು ನಕ್ಕು, "ನಿನ್ನಂಥ ತಾಯಿ ಇದ್ರೆ ಹುಡುಗಿ ಸೋಫಾ ಮೇಲೇ ಕೊಳೀತಾಳೆ," ಎಂದ.

"ಏನಂತೆ?" ಎಂದಳು ಅಮ್ಮ.

"ತಾಯಿಗೆ ಚಿಂತೆ ಇರೋದು ಸಹಜ ಅಂತೆ," ಎಂದು ಅಕ್ಕ ಹಲ್ಲುಗಳ ನಡುವಿನಿಂದ ಹೇಳಿದಳು.

ಆ ವಾರವೇ ದುಭಾಷಿ ಬಂದ.

ಏಣಿ ಯಾವುದೋ ಜಿಮ್ಮಿಗೆ ರಿಬ್ಬನ್ ಕತ್ತರಿಸಲು ಹೋಗಿದ್ದ. ಬಂದವನು ಸಣ್ಣ ಆಳು, ಬೋಳು ತಲೆ, ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ತನ್ನ ತಾಯಿ ಈ ಕಡೆಯವಳು, ತಾನು ಹುಟ್ಟಿದ್ದು ಕೋಚ್ ಇದ್ದ ದೇಶದಲ್ಲಿ, ನೆಂಟರನ್ನು ನೋಡಲು ಬಂದವನು ಕೋಚ್ ಅವರ ಮನೆಯವರನ್ನೂ ಮಾತಾಡಿಸೋಣವೆಂದು ಬಂದೆ ಎಂದ. ಏಳು ವರ್ಷ ಏಣಿಯ ಪಕ್ಕದಲ್ಲಿ ನಿಂತು ಅವನ ಮಾತನ್ನು ಆ ಹುಡುಗಿಯರ ಭಾಷೆಗೆ ತಿರುಗಿಸಿ ಹೇಳಿದವನು ಇವನೇ. ಅಕ್ಕ ತಟ್ಟೆ ಹಾಕಿ ಬಡಿಸಿದಳು. ಕಡ್ಡಿ ಕಾಲನ್ನು ಸ್ಟೂಲಿನ ಮೇಲಿಟ್ಟು, ಮಂಡಿಗೆ ಐಸಿನ ಚೀಲ ಕಟ್ಟಿಕೊಂಡು ಎದುರಿಗೆ ಕೂತಿದ್ದಳು.

"ಅವನಿಗೆ ಆ ಭಾಷೆ ಬರಲ್ವಾ?" ಎಂದಳು ಅಕ್ಕ.

"ಹದಿನಾಲ್ಕು ವರ್ಷದಲ್ಲಿ 'ನೀರು', 'ಬಿಲ್ಲು', 'ಟ್ಯಾಕ್ಸಿ' ಮೂರೂ ಚೆನ್ನಾಗಿ ಬರುತ್ತೆ," ಎಂದು ಅವನು ನಕ್ಕ. ಆಮೇಲೆ ಕಡ್ಡಿಯ ಮಂಡಿ ನೋಡಿ ನಗು ನಿಲ್ಲಿಸಿದ. "ಇದು ಏನಾಯ್ತಮ್ಮ?"

ಕಡ್ಡಿ ಹೇಳಿದಳು. ಮಾಮ ಹೇಳಿದ್ದನ್ನೂ ಹೇಳಿದಳು, ಹೆಮ್ಮೆಯಿಂದಲೇ.

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. "ನಮ್ಮ ತಂಡದಲ್ಲೂ ಒಬ್ಬಳಿಗೆ ಹೀಗೇ ಆಗಿತ್ತು. ಇವರು 'ಕಾಲು ಮುರಿದ್ರೂ ಓಡು, ಇಲ್ಲಾಂದ್ರೆ ನಿಮ್ಮವ್ವನ ಮನೆಗೆ ಹೋಗು' ಅಂದ್ರು. ನಾನು ಅದನ್ನ ಹೇಗಮ್ಮ ಹೇಳ್ಲಿ? ನನಗೂ ಎರಡು ಹೆಣ್ಣುಮಕ್ಕಳಿದ್ದಾರೆ. 'ಕೋಚ್ ನಿನ್ನ ಮನೆಗೆ ಹೋಗಿ ತಾಯಿ ಹತ್ರ ಎರಡು ವಾರ ಇದ್ದು ಬಾ ಅಂತಿದ್ದಾರೆ' ಅಂದೆ. ಆ ಹುಡುಗಿ ಅತ್ತು, ಇವರ ಕೈ ಹಿಡ್ಕೊಂಡು ಮುತ್ತು ಕೊಟ್ಟಳು. 'ನೋಡಿದ್ಯಾ, ಬೈಗುಳಕ್ಕೆ ಎಂಥ ಶಕ್ತಿ' ಅಂತ ಇವರು ನನಗೆ ಹೇಳಿದ್ರು."

ಅಕ್ಕ ಸೌಟು ಕೆಳಗಿಟ್ಟಳು. "ಅದೊಂದೇ ಸಲಾನಾ?"

"ಏಳು ವರ್ಷ. ಅವರು 'ಕತ್ತೆಗಳಾ' ಅಂದ್ರೆ ನಾನು 'ಸುಸ್ತಾಗಿದ್ದೀರಿ, ನೀರು ಕುಡೀರಿ' ಅಂತಿದ್ದೆ. ಅವರು ಅರ್ಧ ಗಂಟೆ ಉಗಿದ್ರೆ, ಅದರಲ್ಲಿ ಆಟದ ಪ್ಲಾನು ಒಂದೇ ಸಾಲು ಇರ್ತಿತ್ತು, ಅದನ್ನ ಹೇಳ್ತಿದ್ದೆ. ಪ್ಲಾನು ಮಾತ್ರ ಚೆನ್ನಾಗಿರುತ್ತಮ್ಮ, ಸುಳ್ಳು ಹೇಳಬಾರದು, ಆಟ ಗೊತ್ತು ಅವರಿಗೆ. ಹುಡುಗಿಯರು ಇವರಿಗೆ ಅವರ ಭಾಷೆಯಲ್ಲಿ 'ಅಪ್ಪ' ಅಂತ ಅಡ್ಡಹೆಸರಿಟ್ಟಿದ್ದರು. ಅದಕ್ಕೇ ಹೊತ್ತು ಕುಣಿದಿದ್ದು."

"ಮತ್ತೆ ದೊಡ್ಡ ಕ್ಲಬ್ಬು?"

"ಅಲ್ಲಿಗೆ ನನ್ನನ್ನ ಕರೀಲಿಲ್ಲ. ಅವರದ್ದೇ ಒಬ್ಬ ದುಭಾಷಿ ಇದ್ದ, ಪಾಪ, ತುಂಬ ಪ್ರಾಮಾಣಿಕ. ಹೇಳಿದ್ದನ್ನ ಹೇಳಿದ ಹಾಗೇ ಹೇಳಿದ." ಅವನು ತಟ್ಟೆ ನೋಡುತ್ತ ಹೇಳಿದ, "ಐದು ವಾರಕ್ಕೆ ಹನ್ನೆರಡು ಜನ ಹುಡುಗಿಯರೂ ಸಹಿ ಹಾಕಿ ಅರ್ಜಿ ಕೊಟ್ರು."

ಅಂದರೆ ಬಿಡುವೂ ಇಲ್ಲ, ಕಾಂಟ್ರಾಕ್ಟೂ ಇಲ್ಲ. ಅಕ್ಕನಿಗೆ ನಗು ಬಂತು. ನಗುತ್ತ ನಗುತ್ತ ಅಮ್ಮನ ಮಂಚ ಕಣ್ಣಿಗೆ ಬಿತ್ತು, ನಗು ಅಲ್ಲಿಗೇ ನಿಂತಿತು. ದುಭಾಷಿಗೆ ಸಂಬಳ ಕೊಟ್ಟು ಮಾಡಿಸುತ್ತಿದ್ದ ಕೆಲಸವನ್ನು ತಾನು ಈ ಮನೆಯಲ್ಲಿ ಪುಕ್ಕಟೆ ಮಾಡುತ್ತಿದ್ದಳು.

ಅಷ್ಟರಲ್ಲಿ ಏಣಿ ಬಂದ. ಬಾಗಿಲಿಗೆ ಹಣೆ ಹೊಡೆಸಿಕೊಂಡ. ದುಭಾಷಿಯನ್ನು ಕಂಡು ಅವನ ಬೆನ್ನು ಗುದ್ದಿ, ಪಕ್ಕದಲ್ಲಿ ಕೂತು, ಎರಡನೇ ಕಪ್ಪಿನ ಪುರಾಣ ಶುರು ಮಾಡಿದ. "ಕೊನೇ ಐದು ನಿಮಿಷ. ಒಂಬತ್ತು ಪಾಯಿಂಟು ಹಿಂದೆ. ಎಲ್ಲರನ್ನೂ ನಿಲ್ಲಿಸಿ ಹೇಳಿದೆ, ಸೋತು ಬಂದ್ರೆ ನಿಮ್ಮ ಮುಖಕ್ಕೆ ಉಗೀತೀನಿ, ಬೀದಿ ಗುಡಿಸೋಕೂ ನೀವು ನಾಲಾಯಕ್ಕು ಅಂತ. ಕೇಳಿಸ್ಕೊಂಡ್ರಲ್ಲ, ಎಂಥ ಕಿಚ್ಚು ಬಂತು ಅಂತೀಯಾ. ಹೌದಲ್ವೇನಯ್ಯ?"

ದುಭಾಷಿ ತಲೆ ಬಗ್ಗಿಸಿ ಅನ್ನ ಕಲಸಿದ.

"ನೀವು ಏನಂತ ಹೇಳಿದ್ರಿ ಅವತ್ತು?" ಎಂದು ಕಡ್ಡಿ ಅವನನ್ನು ಕೇಳಿದಳು.

ಅವನು ಕಡ್ಡಿಯನ್ನು ನೋಡಿದ, ಏಣಿಯನ್ನು ನೋಡಿದ. "ಗೆದ್ರೂ ಸೋತ್ರೂ ಇವತ್ತಿನ ಊಟ ಕೋಚ್ ಕೊಡಿಸ್ತಾರೆ ಅಂದೆ," ಎಂದ ಮೆಲ್ಲಗೆ.

ಏಣಿ ಗಹಗಹಿಸಿ ನಕ್ಕ. "ತಮಾಷೆ ಮಾಡ್ತಾನೆ." ಒಂದು ಕ್ಷಣ ಬಿಟ್ಟು, "ಅವತ್ತು ಊಟಕ್ಕೆ ಎಲ್ಲರೂ ನನ್ನ ಹಿಂದೆ ಬಂದಿದ್ದೇನೋ ನಿಜ," ಎಂದ.

ಅತಿಥಿ ಹೋದ ಮೇಲೆ ಅಕ್ಕ ಸುತ್ತಿ ಬಳಸದೆ ಕೇಳಿದಳು. "ಏನೋ, ಕೆಲಸ ಕಳ್ಕೊಂಡು ಬಂದಿದ್ದೀಯಂತೆ?"

"ಹೊಟ್ಟೆಕಿಚ್ಚು ಅವನಿಗೆ. ಬಾಡಿಗೆ ಬಾಯಿ ಅವನು. ಮಾತು ನಂದು."

"ಮಾತು ನಿಂದು, ಸರಿ. ಗೆಲುವು ಯಾರದ್ದು?"

"ಕಪ್ಪಿನ ಮೇಲೆ ಯಾರ ಹೆಸರಿದೆ ಹೋಗಿ ನೋಡು."

"ಇಲ್ಲಿ ನಿನಗೆ ದುಭಾಷಿ ಇಲ್ಲ, ನೆನಪಿಟ್ಕೋ. ನೀನು ಅಂದಿದ್ದು ಅಂದ ಹಾಗೇ ನನ್ನ ಮಗಳ ಮಂಡಿಗೆ ಬೀಳುತ್ತೆ."

ಏಣಿ ಕೈಯೆತ್ತಿ ಟೈಮ್ ಔಟ್ ತೋರಿಸಿದ. ಅಕ್ಕ ಆ ಎರಡು ಕೈಗೂ ತೊಳೆಯಬೇಕಿದ್ದ ತಟ್ಟೆ ಇಟ್ಟಳು. ಅವನು ಅವನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಐಸಿನ ಚೀಲ ಕರಗಿ ನೀರಾದದ್ದೂ ಕಡ್ಡಿಗೆ ಗೊತ್ತಾಗಲಿಲ್ಲ. ಅವತ್ತಿನಿಂದ ಹಿತ್ತಿಲಲ್ಲಿ ಚೆಂಡಿನ ಸದ್ದು ನಿಂತಿತು. ಆಟದ ಆಸೆ ಮಾತ್ರ ನಿಂತಿರಲಿಲ್ಲ.

ಮೂರು ವಾರ ಕಳೆಯಿತು. ಫಿಸಿಯೋ ಮತ್ತೆ ನೋಡಿ, ಪಟ್ಟಿ ಕಟ್ಟಿ, "ಹತ್ತೇ ನಿಮಿಷ," ಎಂದು ಬೆರಳೆಲ್ಲ ಬಿಡಿಸಿ ತೋರಿಸಿದಳು. ಏಣಿ, "ಹತ್ತೇ, ಹತ್ತೇ," ಎಂದ. ಅವನು ಹೇಳಿದ ರೀತಿಗೆ ಅಕ್ಕ ಡ್ರಿಲ್ ಮಾಸ್ತರರ ಮನೆಗೆ ಹೋಗಿ, "ಸರ್, ನೀವು ವಾಚ್ ನೋಡ್ತಾ ಇರಿ," ಎಂದು ಕೈಮುಗಿದು ಬಂದಳು.

ಪಂದ್ಯದ ದಿನ ಮನೆಯವರೆಲ್ಲ ಬೆಂಚಿನ ಹಿಂದಿನ ಸಾಲಿನಲ್ಲೇ ಕೂತರು. ಭಾವ ರಜೆ ಹಾಕಿದ್ದ. ಅಮ್ಮ ಶಾಲು ಹೊದ್ದು ಬಂದಿದ್ದಳು. ಅಕ್ಕ ಒಂದು ದಿಂಬು ತಂದಿದ್ದಳು. ಬೂಟು ಒಳಗಿದ್ದ ಅದೇ ದಿಂಬು, ಡೆಂಟಿಸ್ಟರ ಹೆಂಡತಿ ವಾಪಸ್ಸು ಕಳಿಸಿದ್ದು. ಎದುರಿಗೆ ಮೇಜು ಹಾಕಿಕೊಂಡು ಆಯ್ಕೆಯವರು ಮೂವರು ಕೂತಿದ್ದರು.

ಎರಡನೇ ಭಾಗಕ್ಕೆ ಕಡ್ಡಿ ಇಳಿದಳು. ಅವಳು ಆಡಿದ್ದನ್ನು ನೋಡಿ ಅಕ್ಕನೇ ಚಪ್ಪಾಳೆ ತಟ್ಟಿದಳು. ಎಂಟು ನಿಮಿಷಕ್ಕೆ ಹನ್ನೊಂದು ಪಾಯಿಂಟು. ಆಯ್ಕೆಯವರಲ್ಲಿ ಒಬ್ಬ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ಬರೆದುಕೊಂಡ. ಬಿಡುವಿಗೆ ಎರಡು ನಿಮಿಷವಿರುವಾಗಲೇ ಏಣಿ ಅವಳನ್ನು ಕರೆದು ಕೂರಿಸಿದ. ಇನ್ನೆರಡು ನಿಮಿಷ ಮೂರನೇ ಭಾಗಕ್ಕೆ ಉಳಿಸಿದ್ದಾನೆ, ಬುದ್ಧಿ ಬಂದಿದೆ ಅಂದುಕೊಂಡಳು ಅಕ್ಕ.

ಮೂರನೇ ಭಾಗದಲ್ಲಿ ಆ ಎರಡು ನಿಮಿಷ ಮುಗಿದವು. ಡ್ರಿಲ್ ಮಾಸ್ತರರು ಎದ್ದು ವಾಚ್ ತೋರಿಸಿದರು. ಏಣಿ ಅವರ ಕಡೆ ನೋಡದೆ, "ಬಾಟಲಿ ನೋಡ್ಕೊಳ್ಳಿ ಮಾಸ್ತರೇ," ಎಂದ. ಮೂರು ನಿಮಿಷ. ನಾಲ್ಕು. ಕಡ್ಡಿ ರಿಂಗಿನ ಕೆಳಗೆ ಜಿಗಿದು ಇಳಿದವಳು ಒಂದು ಕಾಲಿನ ಮೇಲೆ ನಿಂತಳು. ಇನ್ನೊಂದನ್ನು ನೆಲಕ್ಕೆ ಊರಲು ಹೋಗಿ ಮುಖ ಕಿವುಚಿದಳು. ಅಕ್ಕ ಎದ್ದು ನಿಂತಳು.

ಏಣಿ ಟೈಮ್ ಔಟ್ ಕೇಳಿದ. ಹುಡುಗಿಯರೆಲ್ಲ ಬೆಂಚಿನ ಬಳಿ ಬಂದರು, ಕಡ್ಡಿ ಕುಂಟಿಕೊಂಡು ಬಂದಳು. ಏಣಿ ಅವಳ ಮುಖದ ಮೇಲೇ ಬಗ್ಗಿದ. ಬಾಗಿಲಿಗೆ ಬಗ್ಗದವನು ಇದಕ್ಕೆ ಬಗ್ಗಿದ.

"ನಾಟಕ ಆಡ್ತೀಯಾ? ಆರು ಪಾಯಿಂಟಷ್ಟೇ ಬೇಕು. ಕಾಲು ಕಿತ್ಕೊಂಡು ಬಂದ್ರೂ ಪರವಾಗಿಲ್ಲ, ಹೋಗಿ ಆಡು. ಈಗ ಕೂತ್ರೆ ನಿಮ್ಮಮ್ಮನ ಥರ ದಿಂಬು ಹೊಲ್ಕೊಂಡೇ ಸಾಯ್ತೀಯ."

ಕಡ್ಡಿಯ ಕಣ್ಣಲ್ಲಿ ನೀರು ತುಂಬಿತ್ತು. ನೋವಿಗೋ, ಆ ಮಾತಿಗೋ. ಆರಿಸುವವರ ಮೇಜಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಮಾಮನ ಭುಜದಾಚೆ ತಾಯಿಯ ಕಡೆ ತಿರುಗಿದಳು. ಥೇಟು ಅಜ್ಜಿಯ ದನಿಯಲ್ಲಿ ಕೇಳಿದಳು:

"ಅಮ್ಮ, ಏನಂತೆ?"

ಏಣಿಗೆ ಅರ್ಥವಾಗಲಿಲ್ಲ. "ಏನೇ? ನಮ್ಮ ಮಾತಲ್ಲೇ ಹೇಳ್ತಿದ್ದೀನಲ್ಲ. ಹೋಗಿ ಆಡು ಅಂದೆ."

ಕಡ್ಡಿ ಅವನ ಕಡೆ ನೋಡಲೇ ಇಲ್ಲ. "ಏನಂತೆ ಅಮ್ಮ?"

ಪಕ್ಕದ ಸಾಲಿನವರಿಗೂ ಕೇಳುವಂತೆ ಅಕ್ಕ ಹೇಳಿದಳು: "ತುಂಬ ಚೆನ್ನಾಗಿ ಆಡಿದ್ದೀಯಂತೆ. ಇವತ್ತಿಗೆ ಸಾಕಂತೆ. ಬಂದು ಕೂತ್ಕೋಬೇಕಂತೆ."

ಕಡ್ಡಿ ಬಂದು ಕೂತಳು. ಅಕ್ಕ ದಿಂಬನ್ನು ಅವಳ ಕಾಲ ಕೆಳಗಿಟ್ಟಳು.

ಏಣಿ ಉಳಿದ ಹುಡುಗಿಯರ ಕಡೆ ತಿರುಗಿ ಕಿರುಚಿದ. ನಾಲ್ವರಲ್ಲಿ ಗಿಡ್ಡಿಯೊಬ್ಬಳು, ಮೊದಲ ವಾರ ಅಳುತ್ತ ಮನೆಗೆ ಹೋದವಳು, ಬಾಟಲಿ ಬುಟ್ಟಿಯ ಕಡೆ ತಿರುಗಿದಳು. "ಸರ್, ಏನಂತೆ?"

ಡ್ರಿಲ್ ಮಾಸ್ತರರು ಬುಟ್ಟಿ ಕೆಳಗಿಟ್ಟರು. ಒಂದು ಸಲ ಕೆಮ್ಮಿದರು. "ನೀರು ಕುಡೀಬೇಕಂತೆ. ಎಡಗಡೆ ಜಾಗ ಖಾಲಿ ಬಿಡಬಾರದಂತೆ. ಸೋತ್ರೂ ಪರವಾಗಿಲ್ವಂತೆ."

ಅವತ್ತು ನಾಲ್ಕು ಪಾಯಿಂಟಿನಲ್ಲಿ ಸೋತರು. ವಾರದ ನಂತರ ಬಂದ ಆಯ್ಕೆ ಪಟ್ಟಿಯಲ್ಲಿ ಕಡ್ಡಿಯ ಹೆಸರಿರಲಿಲ್ಲ. ಪೂರ್ತಿ ಆಡಿದ ಗಿಡ್ಡಿಯ ಹೆಸರಿತ್ತು. ಕಡ್ಡಿ ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿ ಅತ್ತಳು. ಅಕ್ಕ ಸಮಾಧಾನ ಹೇಳಲು ಹೋಗಲಿಲ್ಲ. ಮಗಳ ಆಸೆಯನ್ನು ತಾನೇ ಬೆಂಚಿನ ಮೇಲೆ ಕೂರಿಸಿದೆನಲ್ಲ ಎಂದು ಅವಳೂ ಆ ಎರಡು ದಿನ ಮಿಷನ್ ಮುಟ್ಟಲಿಲ್ಲ. ಮೂರನೇ ದಿನ ಫಿಸಿಯೋ ನೋಡಿ ಹೇಳಿದಳು: ನಾರು ಪೂರ್ತಿ ಹರಿದಿಲ್ಲ, ಎರಡು ತಿಂಗಳಿಗೆ ಓಡಬಹುದು, ಮುಂದಿನ ವರ್ಷ ಆಯ್ಕೆಗೆ ನಿಲ್ಲಬಹುದು. ಮನೆಗೆ ಬಂದ ಕಡ್ಡಿ ಎರಡು ತಟ್ಟೆ ಊಟ ಮಾಡಿದಳು. ಭಾವ ಬಸ್ಸಿನಲ್ಲಿದ್ದ ಫೋಟೋ ಕಿತ್ತಿದ್ದ. ಅಂಟು ಮಾತ್ರ ಹೋಗಿಲ್ಲ ಎಂದ.

ಏಣಿ ಮನೆಯಲ್ಲಿ ಮಾತು ಕಡಿಮೆ ಮಾಡಿದ. ಆಡಿದರೆ ಯಾರಾದರೊಬ್ಬರು "ಏನಂತೆ?" ಎನ್ನುತ್ತಾರೋ ಎಂಬ ಭಯ. ಹತ್ತು ದಿನ ಬಿಟ್ಟು ಹೊರದೇಶದ ಒಂದು ಸಣ್ಣ ಕ್ಲಬ್ಬಿನಿಂದ ಕರೆ ಬಂತು. ಪೆಟ್ಟಿಗೆ ಕಟ್ಟುವ ದಿನ ಬೆಳಿಗ್ಗೆ, ಮುಂದಿನ ಕೋಣೆಯಲ್ಲಿ ಮಿಷನ್ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂದುಕೊಂಡು, ಕಿಟಕಿಗೆ ಮುಖ ಮಾಡಿ ಫೋನಿನಲ್ಲಿ ಮಾತಾಡಿದ. ಅಕ್ಕ ಕಾಲು ಎತ್ತಿ ಮಿಷನ್ ನಿಲ್ಲಿಸಿದ್ದನ್ನು ಅವನು ಗಮನಿಸಲಿಲ್ಲ.

"ನೀನು ಬರಲೇಬೇಕು ಕಣಯ್ಯ. ಸಂಬಳ ನಾನು ಮಾತಾಡ್ತೀನಿ... ಅದೇ, ಮೊದಲಿನ ಥರಾನೇ. ನಾನು ಏನಂದೆ ಅಂತ ನೋಡ್ಬೇಡ. ನೀನು ಏನ್ ಹೇಳ್ತಿದ್ದೆಯೋ ಅದನ್ನೇ ಹೇಳು."

ಫೋನಿಟ್ಟು ತಿರುಗಿದರೆ ಅಕ್ಕ ನೋಡುತ್ತಿದ್ದಳು. ಮಂಚದ ಮೇಲೆ ಅಮ್ಮನೂ ನೋಡುತ್ತಿದ್ದಳು. ಏಣಿ ಮುಖ ತಪ್ಪಿಸಿ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದ. ಬಾಗಿಲಿಗೆ ಹಣೆ ತಾಗಲಿಲ್ಲ.

"ಏನಂತೆ?" ಎಂದಳು ಅಮ್ಮ.

ಅಕ್ಕನ ಬಾಯಿಗೆ ಅಭ್ಯಾಸದ ಮಾತು ಬಂತು. ಕೆಲಸ ಸಿಕ್ಕಿತಂತೆ, ನಿನ್ನ ಆಶೀರ್ವಾದವಂತೆ, ಇತ್ಯಾದಿ. ಅದನ್ನು ನುಂಗಿಕೊಂಡು ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: "ಅವನ ಮಾತು ಯಾರ ಕಿವಿಗೂ ಬೀಳಬಾರದಂತೆ ಅಮ್ಮ. ಅದಕ್ಕೆ ಒಬ್ಬ ಆಳು ಬೇಕಂತೆ."

ಅಮ್ಮ ಶಾಲು ಸರಿಮಾಡಿಕೊಂಡಳು.

"ಅದು ನನಗೂ ಕೇಳಿಸ್ತು ಕಣೇ," ಎಂದಳು. "ಮಂಚದ್ದೂ ಕೇಳಿಸಿತ್ತು, ನಾಯೀದೂ ಕೇಳಿಸಿತ್ತು. ನೀನು ಹೇಳೋದು ಕೇಳೋಕೆ ಚೆನ್ನಾಗಿರುತ್ತೆ ಅಂತ ಕೇಳ್ತೀನಿ."